ಬಂಡೆ ನೋಡಲು ಹೋದವರು

ಇಂಗ್ಲೆಂಡಿನ ಚೆಡ್ಡರ್ ಕಣಿವೆಯ ಬುಡದಲ್ಲಿ, ರಸ್ತೆ ಪಕ್ಕದ ಮರದ ಬೆಂಚಿನ ಮೇಲೆ ಕೂತು ನಾವು ಚಿತ್ರಾನ್ನ ತಿಂದೆವು. ಮಗಳು ಬೆಳಗ್ಗೆ ಬೇಗ ಎದ್ದು ಕಲಸಿ ಡಬ್ಬಿಗೆ ತುಂಬಿದ್ದಳು. ಅವಳಿರುವ ಬ್ರಿಸ್ಟಲ್‌ನಿಂದ ಅಲ್ಲಿಗೆ ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ತಲೆ ಎತ್ತಿದರೆ ಎರಡೂ ಕಡೆ ಬೂದು ಬಣ್ಣದ ಸುಣ್ಣಕಲ್ಲಿನ ಬಂಡೆ. ತೀರಾ ಎತ್ತರವಿರುವ ಕಡೆ 137 ಮೀಟರ್. ಬಂಡೆಯ ಸಂದಿಯಲ್ಲಿ ಬೇರು ಬಿಟ್ಟ ಮರಗಳು, ಚಾಚುಗಲ್ಲಿನ ಮೇಲೆ ಅಂಜಿಕೆಯಿಲ್ಲದೆ ನಿಂತ ಆಡುಗಳು. ಎಂಟು ವರ್ಷದ ಮೊಮ್ಮಗಳು ಆಡುಗಳನ್ನು ಎಣಿಸುತ್ತ, ಒಂದೊಂದು ಆಡಿಗೆ ಒಂದೊಂದು ತುತ್ತು ಬಾಯಿಗಿಡುತ್ತಿದ್ದಳು. ಗಾಳಿ ತಣ್ಣಗಿತ್ತು, ಹಸಿವೂ ಆಗಿತ್ತು, ಊಟ ಸೊಗಸಾಗಿ ಸೇರಿತು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿಯ ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಆಕಾಶ ಬೆಳ್ಳಗೇ ಇರುತ್ತದೆ; ಕಣ್ಣಿಗೆ ಅದು ಇನ್ನೂ ಒಗ್ಗಿರಲಿಲ್ಲ. ನೋಡಿಬಂದ ಊರಿನ ಬಗ್ಗೆ ಓದುತ್ತ ಕೂತೆ. ಆಗ ಸಿಕ್ಕಿತು ಈ ಸಂಗತಿ. ಅದೇ ಕಣಿವೆಗೆ 1789ರ ಆಗಸ್ಟಿನಲ್ಲಿ ಬಂದಿದ್ದ ಒಬ್ಬ ಮನುಷ್ಯ, ಗಾಡಿಯಲ್ಲಿ ಕಟ್ಟಿಕೊಟ್ಟಿದ್ದ ಕೋಳಿ ಮಾಂಸ, ವೈನು ಯಾವುದನ್ನೂ ಮುಟ್ಟದೆ ಹಾಗೇ ವಾಪಸು ತಂದಿದ್ದ. ನಾವು ಡಬ್ಬಿ ಬಿಚ್ಚಿ ಹೊಟ್ಟೆ ತುಂಬ ಉಂಡ ಜಾಗದಲ್ಲಿ ಅವನಿಗೆ ತುತ್ತು ಇಳಿದಿರಲಿಲ್ಲ.

ಅವನ ಹೆಸರು ವಿಲಿಯಂ ವಿಲ್ಬರ್‌ಫೋರ್ಸ್. ಆಗ ಅವನಿಗೆ ಮೂವತ್ತು ತುಂಬುತ್ತಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಮೊದಲ ದೊಡ್ಡ ಭಾಷಣ ಮಾಡಿದ್ದ. ಆ ವ್ಯಾಪಾರವನ್ನು ನಿಲ್ಲಿಸುವ ಕಾನೂನು ಬರಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು. ಚೆಡ್ಡರಿಗೆ ಹತ್ತಿರದಲ್ಲೇ ಮನೆ ಮಾಡಿಕೊಂಡಿದ್ದ ಲೇಖಕಿ ಹ್ಯಾನಾ ಮೋರ್ ಅವನ ಗೆಳತಿ. ಅತಿಥಿಯಾಗಿ ಬಂದವನಿಗೆ ಆಕೆ ಮತ್ತು ಆಕೆಯ ತಂಗಿ, ಇಷ್ಟು ದೂರ ಬಂದು ಚೆಡ್ಡರ್ ಬಂಡೆ ನೋಡದೆ ಹೋಗಬಾರದು ಎಂದು ಒತ್ತಾಯ ಮಾಡಿ ಕಳಿಸಿದರು. ಸಂಜೆ ಹಿಂತಿರುಗಿದವನು ಯಾರ ಜೊತೆಯೂ ಮಾತಾಡದೆ ಕೋಣೆ ಸೇರಿದ. ಬಂಡೆಗಳು ಹೇಗಿದ್ದವು ಎಂದು ಅಕ್ಕತಂಗಿಯರು ಕೇಳಿದ್ದಕ್ಕೆ, ಅವು ಚೆನ್ನಾಗಿವೆ, ಆದರೆ ಅಲ್ಲಿಯ ಜನರ ಬಡತನವನ್ನು ನೋಡಲಾಗುವುದಿಲ್ಲ ಎಂಬರ್ಥದ ಮಾತು ಹೇಳಿದ. ಆ ಕಾಲಕ್ಕೆ ಬಂಡೆಯ ಬುಡದಲ್ಲಿ, ಗುಹೆಗಳ ಬಾಯಲ್ಲಿ ಬದುಕು ಮಾಡಿಕೊಂಡ ಬಡವರಿದ್ದರು. ಊರಿಗೆ ಚರ್ಚು ಇತ್ತು, ಆದರೆ ಪಾದ್ರಿ ಊರಲ್ಲಿ ಇರುತ್ತಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ವಿಲ್ಬರ್‌ಫೋರ್ಸ್ ಒಂದು ತೀರ್ಮಾನಕ್ಕೆ ಬಂದಿದ್ದ: ಚೆಡ್ಡರಿಗೆ ಏನಾದರೂ ಮಾಡಲೇಬೇಕು, ಓಡಾಟ ನಿಮ್ಮದು, ಖರ್ಚು ನನ್ನದು.

ಬಂಡೆ ನೋಡಲು ಹೋದವನು ಮನುಷ್ಯರನ್ನು ನೋಡಿ ಬಂದ. ಆ ರಾತ್ರಿ ಇದನ್ನು ಓದಿದ ಮೇಲೆ, ನಾನು ಅಂದು ಏನೇನು ನೋಡಿದೆ ಎಂದು ಒಂದೊಂದಾಗಿ ನೆನಪು ಮಾಡಿಕೊಳ್ಳತೊಡಗಿದೆ. ಲೆಕ್ಕ ಒಪ್ಪಿಸುವವಳ ಹಾಗೆ.

ಮೊದಲು ನೋಡಿದ್ದು ಕಣಿವೆ. ಬ್ರಿಟನ್ನಿನಲ್ಲೇ ಇದು ಎಲ್ಲಕ್ಕಿಂತ ದೊಡ್ಡದು. ನಡುವೆ ಹಾವಿನ ಹಾಗೆ ಹೊರಳುವ ರಸ್ತೆ ಇದೆ, ಹೊಳೆ ಇಲ್ಲ. ಹೊಳೆಯಿಲ್ಲದೆ ಕಣಿವೆ ಹೇಗೆ ಆಯಿತು ಎಂಬ ಪ್ರಶ್ನೆಗೆ, ಕೆಳಗೆ ದೊಡ್ಡ ಗುಹೆಯಿತ್ತು, ಅದರ ಚಾವಣಿ ಕುಸಿಯಿತು ಎಂದು ಜನ ಬಹಳ ಕಾಲ ನಂಬಿದ್ದರು. ನಡೆದದ್ದು ಬೇರೆ. ಸುಣ್ಣಕಲ್ಲಿನ ನೆಲ ನೀರನ್ನು ಹಿಡಿದಿಡುವುದಿಲ್ಲ. ಬಿದ್ದ ಮಳೆಯೆಲ್ಲ ಬಿರುಕುಗಳಲ್ಲಿ ಇಳಿದು ಒಳಗೊಳಗೇ ಹರಿಯುತ್ತದೆ. ಹಿಮಯುಗಗಳ ಕಾಲದಲ್ಲಿ ಆ ಬಿರುಕುಗಳೆಲ್ಲ ಹೆಪ್ಪುಗಟ್ಟಿ ಮುಚ್ಚಿಹೋಗುತ್ತಿದ್ದವು. ಬೇಸಿಗೆಯಲ್ಲಿ ಕರಗಿದ ಹಿಮದ ನೀರಿಗೆ ಒಳಗೆ ಇಳಿಯಲು ದಾರಿಯಿಲ್ಲ. ಮೇಲೆಯೇ ನುಗ್ಗಿ ಹರಿದು ಬಂಡೆಯನ್ನು ಕೊರೆಯಿತು. ಹೀಗೆ ಎಷ್ಟೋ ಸಲ, ಲಕ್ಷಾಂತರ ವರ್ಷ. ಚಳಿ ಹೋಗಿ ನೆಲ ಸಡಿಲವಾದಾಗ ನೀರು ಮತ್ತೆ ಕೆಳಗಿಳಿಯಿತು. ಈಗ ಕಣಿವೆ ಒಣಗಿದೆ, ಹೊಳೆ ನಮ್ಮ ಕಾಲಡಿಯಲ್ಲಿ ಹರಿಯುತ್ತದೆ. ಕಣಿವೆ ಮುಗಿಯುವಲ್ಲಿ, ಬಂಡೆಯ ಬುಡದಿಂದ ಅದು ಒಮ್ಮೆಲೇ ಹೊರಬರುತ್ತದೆ. ಚೆಡ್ಡರ್ ಯೋ ಎಂದು ಅದರ ಹೆಸರು. ಒಂದು ಕಾಲಕ್ಕೆ ಊರಿನ ಗಿರಣಿಗಳ ಚಕ್ರ ತಿರುಗಿಸಿದ್ದು ಈ ನೀರೇ. ಮೊಮ್ಮಗಳು ಅದರಲ್ಲಿ ಕೈ ಅದ್ದಿ, "ಅಜ್ಜೀ, ಫ್ರಿಜ್ ನೀರು!" ಎಂದು ಕೂಗಿದಳು. ಮೂರು ಗಂಟೆ ನಾವು ಆ ಹೊಳೆಯ ತಲೆಯ ಮೇಲೇ ಅಡ್ಡಾಡಿದ್ದೆವು. ನಮಗೆ ಅದರ ಸದ್ದು ಕೂಡ ಕೇಳಿರಲಿಲ್ಲ.

ಎರಡನೆಯದು ಗುಹೆ. ಊರಿನ ಗುಹೆಗಳಲ್ಲಿ ಕಾಕ್ಸ್ ಗುಹೆ ಸಿಕ್ಕಿದ್ದು 1837ರಲ್ಲಿ, ಸುಣ್ಣಕಲ್ಲು ಒಡೆಯುವಾಗ. ಅದಕ್ಕಿಂತ ದೊಡ್ಡದಾದ ಗೌಫ್ ಗುಹೆಯ ಒಳಭಾಗವನ್ನು 1890ರ ದಶಕದಲ್ಲಿ ಮಣ್ಣು ತೆಗೆಸಿ ಜನರಿಗೆ ತೆರೆದವನು ರಿಚರ್ಡ್ ಗೌಫ್ ಎಂಬ ನಿವೃತ್ತ ನಾವಿಕ. ಒಳಗೆ ವರ್ಷವಿಡೀ ಒಂದೇ ತಂಪು. ಗೋಡೆಯ ಮೇಲೆ ಸುಣ್ಣ ಕರಗಿ ಇಳಿದು ಗಟ್ಟಿಯಾದ ಕಿತ್ತಳೆ, ಕಂದು, ಬಿಳಿ ಪದರಗಳು. ಕೆಳಗೆ ಅಲುಗಾಡದ ನೀರಿನಲ್ಲಿ ಅವುಗಳ ತಲೆಕೆಳಗಾದ ನೆರಳು. ಕಾದಂಬರಿಕಾರ ಟೋಲ್ಕಿನ್ 1916ರಲ್ಲಿ ಮದುವೆಯಾದ ಹೊಸತರಲ್ಲಿ ಹೆಂಡತಿಯ ಜೊತೆ ಈ ಗುಹೆಗಳನ್ನು ನೋಡಿದ್ದ. ಮುಂದೆ ತನ್ನ ಕಾದಂಬರಿಯ ಹೊಳೆಯುವ ಗುಹೆಗಳಿಗೆ ಇವೇ ಮೂಲ ಎಂದು ಹೇಳಿಕೊಂಡ. ಅದು ಹಾಗಿರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ.

1903ರಲ್ಲಿ, ಗುಹೆಯೊಳಗೆ ನೀರು ನಿಲ್ಲುತ್ತದೆ ಎಂದು ಕಾಲುವೆ ತೋಡುತ್ತಿದ್ದಾಗ ಕೆಲಸದವರ ಗುದ್ದಲಿಗೆ ಒಂದು ಅಸ್ಥಿಪಂಜರ ಸಿಕ್ಕಿತು. ಬ್ರಿಟನ್ನಿನಲ್ಲಿ ಸಿಕ್ಕ ಹೆಚ್ಚುಕಡಿಮೆ ಪೂರ್ಣವಾದ ಮನುಷ್ಯನ ಅಸ್ಥಿಪಂಜರಗಳಲ್ಲಿ ಅದೇ ಅತ್ಯಂತ ಹಳೆಯದು, ಸುಮಾರು 10,000 ವರ್ಷದ್ದು. ಚೆಡ್ಡರ್ ಮನುಷ್ಯ ಎಂದು ಲೋಕ ಅವನನ್ನು ಕರೆಯುತ್ತದೆ. ಮೂಲ ಮೂಳೆಗಳು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಸೇರಿದವು; ಊರಿನಲ್ಲಿ ನಾವು ನೋಡಿದ್ದು ಅದರ ಪ್ರತಿಕೃತಿ. ಸತ್ತಾಗ ಅವನಿಗೆ ಇಪ್ಪತ್ತು ದಾಟಿತ್ತು, ಮೂವತ್ತು ಆಗಿರಲಿಲ್ಲ. ಎತ್ತರ 166 ಸೆಂಟಿಮೀಟರ್, ನಮ್ಮ ಮನೆಯ ಗಂಡಸರಷ್ಟೇ. ಬಲಗಣ್ಣಿನ ಮೇಲೆ ಹಣೆಯ ಮೂಳೆಯಲ್ಲಿ ಒಂದು ಕುಳಿ ಇದೆ. ಕೊನೆಯ ದಿನಗಳಲ್ಲಿ ಅಲ್ಲಿ ಕೀವು ಕಟ್ಟಿರಬೇಕು ಎನ್ನುತ್ತಾರೆ. ಆ ಕುಳಿಯ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಗುಹೆಯ ತಂಪಿನಲ್ಲಿ, ನೋವಿನಿಂದ ಒಂದು ಕಣ್ಣು ಮುಚ್ಚಿಕೊಂಡು ಮಲಗಿದ್ದ ಹುಡುಗನನ್ನು ನೆನೆದೆ. ಅವನ ತಾಯಿ ಬದುಕಿದ್ದಳೋ ಏನೋ.

ಅವನನ್ನು ಜನ ಹೇಗೆ ನೋಡುತ್ತ ಬಂದರು ಎಂಬುದು ಇನ್ನೊಂದು ಕತೆ. ನೂರು ವರ್ಷಕ್ಕೂ ಹೆಚ್ಚು ಕಾಲ ಸಾವಿರಾರು ಜನ ದುಡ್ಡು ಕೊಟ್ಟು ಬಂದು ನೋಡಿದರು. ಚಿತ್ರ ಬರೆದವರು ಅವನಿಗೆ ಬಿಳಿ ಮೈಬಣ್ಣವನ್ನೇ ಕೊಟ್ಟರು; ಇಂಗ್ಲೆಂಡಿನ ಮೂಲದವನು, ಇನ್ನು ಹೇಗಿದ್ದಾನು? 2018ರಲ್ಲಿ ಅವನ ಕಿವಿಯ ಹತ್ತಿರದ ಮೂಳೆಯ ಪುಡಿಯಿಂದ ತೆಗೆದ ಡಿಎನ್‌ಎ ಬೇರೆಯೇ ಹೇಳಿತು. ಕಣ್ಣು ನೀಲಿ ಅಥವಾ ಹಸಿರು ಇದ್ದಿರಬೇಕು, ಕೂದಲು ಕಡುಕಂದು ಅಥವಾ ಕಪ್ಪು. ಮೈಬಣ್ಣ ಕಂದಿನಿಂದ ಕಡುಕಪ್ಪಿನ ನಡುವೆ ಎಲ್ಲೋ ಇದ್ದಿರುವ ಸಂಭವವೇ ಹೆಚ್ಚು. ಆ ಪ್ರಕಾರ ಮಾಡಿದ ಅವನ ತಲೆಯ ಚಿತ್ರವನ್ನು ಮೊಮ್ಮಗಳು ಕತ್ತು ವಾಲಿಸಿ ನೋಡಿದಳು. "ಅಜ್ಜೀ, ಇವನು ನಮ್ಮ ಕಡೆಯವನಾ?" ಎಂದಳು. ಅವಳು ಹುಟ್ಟಿದ್ದು ಬ್ರಿಸ್ಟಲ್‌ನಲ್ಲಿ. ನೀನು ನಿಜವಾಗಿ ಯಾವ ದೇಶದವಳು ಎಂದು ಅವಳ ತರಗತಿಯಲ್ಲಿ ಆಗಾಗ ಯಾರಾದರೂ ಕೇಳುತ್ತಾರಂತೆ. ನಾನು ಹೇಳಿದೆ: "ಇಲ್ಲ ಪುಟ್ಟಿ, ಅವನು ಈ ಊರಿನವನೇ." ಅವಳು ಮತ್ತೆ ಆ ಮುಖವನ್ನು ನೋಡಿದಳು, ಏನೂ ಹೇಳಲಿಲ್ಲ.

ನನಗೆ ಅನ್ನಿಸುವುದು ಇದು. ಅಷ್ಟು ವರ್ಷ ನೋಡಿದವರು ಕೆಟ್ಟವರೇನಲ್ಲ. ಅವರ ಕಣ್ಣು ಮೂಳೆಯ ಮೇಲಿತ್ತು, ಮನಸ್ಸು ತಮ್ಮ ಕನ್ನಡಿಯ ಮೇಲಿತ್ತು. ನೋಡುವುದು ಎಂದು ನಾವು ಕರೆಯುವುದರಲ್ಲಿ ಬಹುಪಾಲು ಇಷ್ಟೇ: ನಮ್ಮಲ್ಲಿ ಮೊದಲೇ ಇದ್ದದ್ದನ್ನು ಎದುರಿಗಿರುವವರ ಮೈಗೆ ಹಚ್ಚುವುದು. 1997ರಲ್ಲಿ ಇನ್ನೊಂದು ಪರೀಕ್ಷೆ ನಡೆದಿತ್ತು. ಊರಿನ ಕೆಲವರ ಡಿಎನ್‌ಎಯನ್ನು ಅವನದರ ಜೊತೆ ಹೋಲಿಸಿದರು. ತಾಯಿಯ ಕಡೆಯಿಂದ ಇಳಿದುಬರುವ ಎಳೆ ಅದೇ ಊರಿನ ಶಾಲೆಯ ಇತಿಹಾಸದ ಮೇಷ್ಟ್ರೊಬ್ಬರದಕ್ಕೆ ಬಹುಮಟ್ಟಿಗೆ ಹೊಂದಿತು. ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಿದ್ದವರ ಹಳೆಯ ಬಂಧು ಕೂಗಳತೆಯ ಗುಹೆಯಲ್ಲೇ ಮಲಗಿದ್ದ.

ಅದೇ ಗುಹೆಯಲ್ಲಿ ಅವನಿಗಿಂತಲೂ ಸಾವಿರಾರು ವರ್ಷ ಹಿಂದಿನವರ, ಸುಮಾರು 14,700 ವರ್ಷ ಹಳೆಯ ಮೂಳೆಗಳೂ ಸಿಕ್ಕಿವೆ. ಅವುಗಳ ಮೇಲೆ ಕಲ್ಲಿನ ಕತ್ತಿಯ ಗೀರುಗಳಿವೆ, ಮನುಷ್ಯರೇ ಅಗಿದ ಹಲ್ಲಿನ ಗುರುತುಗಳಿವೆ. ಮೂರು ವರ್ಷದ ಒಂದು ಮಗುವಿನ ಮೂಳೆಯೂ ಅದರಲ್ಲಿ ಸೇರಿದೆ. ತಲೆಬುರುಡೆಗಳನ್ನು ನಾಜೂಕಾಗಿ ತಟ್ಟಿ ಬಟ್ಟಲು ಮಾಡಿದ್ದಾರೆ. ಹಸಿವಿಗೆ ಹೀಗೆ ಮಾಡಿದರೋ, ಸತ್ತವರನ್ನು ತಮ್ಮೊಳಗೆ ಉಳಿಸಿಕೊಳ್ಳುವ ಯಾವುದೋ ವಿಧಿಯೋ? ಕೆಲಸದ ನಾಜೂಕು ನೋಡಿದವರು ವಿಧಿಯೇ ಇರಬೇಕು ಎನ್ನುತ್ತಾರೆ. ಮಗಳು ಅಲ್ಲಿ ಮಗುವಿನ ಕೈ ಹಿಡಿದು ಬೇಗ ಮುಂದೆ ನಡೆಸಿದಳು. ನಾನೂ ಮುಂದೆ ನಡೆದೆ.

ಮೂರನೆಯದು ಚೀಸ್. ಊರಿನ ಹೆಸರು ಲೋಕಕ್ಕೆ ಗೊತ್ತಾದದ್ದೇ ಅದರಿಂದ. 1170ರಲ್ಲಿ ಎರಡನೆಯ ಹೆನ್ರಿ ದೊರೆಯ ಲೆಕ್ಕದ ಸುರುಳಿಯಲ್ಲಿ 10,240 ಪೌಂಡ್ ಚೆಡ್ಡರ್ ಚೀಸ್ ಕೊಂಡ ದಾಖಲೆ ಇದೆ; ಪೌಂಡಿಗೆ ಕಾಲು ಪೆನ್ನಿ. ನಿಘಂಟು ತೆಗೆದರೆ ಚೀಸ್‌ಗೆ ಗಿಣ್ಣು ಎಂದಿರುತ್ತದೆ. ಅದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಹಸು ಈದ ಎರಡು ಮೂರು ದಿನಕ್ಕೆ ಬೆಲ್ಲ ಏಲಕ್ಕಿ ಹಾಕಿ ಮಾಡಿ, ಅಕ್ಕಪಕ್ಕದ ಮನೆಗೆಲ್ಲ ಹಂಚಿ ಅಂದೇ ಮುಗಿಸುವ ಪದಾರ್ಥ ನಮ್ಮ ಗಿಣ್ಣು. ಇವರದು ಕೂಡಿಡುವ ಪದಾರ್ಥ. ಹಾಲು ಹೆಚ್ಚಾದ ಬೇಸಿಗೆಯನ್ನು ಹಾಲಿಲ್ಲದ ಚಳಿಗಾಲಕ್ಕೆ ದಾಟಿಸುವ ಉಪಾಯ.

ಈಗ ಚೆಡ್ಡರ್ ಊರಿನಲ್ಲಿ ಚೀಸ್ ಮಾಡುವವರು ಒಬ್ಬರೇ ಉಳಿದಿದ್ದಾರೆ, ಚೆಡ್ಡರ್ ಗಾರ್ಜ್ ಚೀಸ್ ಕಂಪನಿ. ಮಾಡುವುದನ್ನು ಗಾಜಿನ ಆಚೆಯಿಂದ ನೋಡಬಹುದು. ಕಾಯಿಸದ ಹಾಲಿಗೆ ಹೆಪ್ಪು ಬೆರೆಸಿ, ಅದು ಗಟ್ಟಿಯಾದ ಮೇಲೆ ತಂತಿಯ ಚಾಕುಗಳಿಂದ ಸಣ್ಣಗೆ ಕೊಯ್ದು, ಬೆಚ್ಚಗೆ ಮಾಡಿ, ಹಾಲೊಡಕನ್ನು ಬಸಿದುಬಿಡುತ್ತಾರೆ. ಉಳಿದದ್ದು ತೊಟ್ಟಿಯ ತಳದಲ್ಲಿ ಒಂದಕ್ಕೊಂದು ಅಂಟಿ ಚಾಪೆಯ ಹಾಗೆ ಆಗುತ್ತದೆ. ಅದನ್ನು ಇಟ್ಟಿಗೆಯಂಥ ತುಂಡು ಮಾಡಿ, ಒಂದರ ಮೇಲೊಂದು ಪೇರಿಸಿ, ಸ್ವಲ್ಪ ಹೊತ್ತಿಗೊಮ್ಮೆ ಮಗುಚುತ್ತಾರೆ. ಮೇಲಿನದರ ಭಾರಕ್ಕೆ ಕೆಳಗಿನದು ನೀರು ಬಿಡುತ್ತದೆ. ಮತ್ತೆ ಕೆಳಗಿನದನ್ನು ಮೇಲಿಡುತ್ತಾರೆ. ಈ ಮಗುಚುವ ಕೆಲಸಕ್ಕೇ ಊರಿನ ಹೆಸರು ಬಿದ್ದಿದೆ, ಚೆಡ್ಡರಿಂಗ್ ಎಂದು. ಆಮೇಲೆ ಪುಡಿ ಮಾಡಿ, ಉಪ್ಪು ಬೆರೆಸಿ, ಅಚ್ಚಿಗೆ ತುಂಬಿ ಒತ್ತಿ, ಬಟ್ಟೆ ಸುತ್ತಿ ತಿಂಗಳುಗಟ್ಟಲೆ ಮಾಗಲು ಬಿಡುವುದು. ಕೆಲವನ್ನು ಗೌಫ್ ಗುಹೆಯಲ್ಲೇ ಇಟ್ಟು ಮಾಗಿಸುತ್ತಾರೆ.

ತೊಟ್ಟಿಯ ಮೇಲೆ ಬಗ್ಗಿ ಒಬ್ಬಾತ ಮಗುಚುತ್ತಿದ್ದ. ಒಂದು ಕೈ ತುಂಡಿನ ಅಡಿಗೆ ಹೋಗುತ್ತಿತ್ತು, ಇನ್ನೊಂದು ಮೇಲೆ. ಮಲಗಿದ ಮಗುವನ್ನು ಮಗ್ಗುಲು ತಿರುಗಿಸುವ ಹಾಗೆ, ಎಲ್ಲೂ ಹರಿಯದಂತೆ. ಒಂದು ಮುಗಿದರೆ ಇನ್ನೊಂದು. ನಾನು ಮೊಬೈಲಿನಲ್ಲಿ ಫೋಟೊ ತೆಗೆದೆ. ರಾತ್ರಿ ಎಣಿಸಿದೆ: ಹನ್ನೊಂದು ಫೋಟೊ. ಎಲ್ಲದರಲ್ಲೂ ಬಿಳಿ ತುಂಡುಗಳಿವೆ, ಎರಡು ಕೈಗಳಿವೆ. ಮುಖ ಒಂದರಲ್ಲೂ ಇಲ್ಲ. ಅವನು ಎಳೆಯನೋ ವಯಸ್ಸಾದವನೋ ಎಂದು ಮಗಳು ಕೇಳಿದಾಗ ನನಗೆ ಹೇಳಲು ಬರಲಿಲ್ಲ. ಬಾಗಿದ ಬೆನ್ನನ್ನು ಕಾಲು ಗಂಟೆ ನೋಡಿದ್ದೆ.

ಆ ಚೀಸ್‌ನ ಚರಿತ್ರೆಯಲ್ಲೂ ಹೀಗೆಯೇ ಆಗಿದೆ. ಶತಮಾನಗಳ ಕಾಲ ಹಾಲು ಕರೆದು, ಹೆಪ್ಪು ಹಾಕಿ, ಕೈ ಅದ್ದಿ ಬಿಸಿ ನೋಡಿ, ಮಗುಚಿ ಮಾಡಿದವರು ಆ ಸೀಮೆಯ ಒಕ್ಕಲು ಮನೆಗಳ ಹೆಂಗಸರು. ಅವರ ಹೆಸರು ಎಲ್ಲೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜೋಸೆಫ್ ಹಾರ್ಡಿಂಗ್ ಎಂಬ ಸಾಮರ್ಸೆಟ್ಟಿನ ರೈತ ಆ ಕೈಯಂದಾಜನ್ನು ಉಷ್ಣಮಾಪಕಕ್ಕೂ ಶುಚಿತ್ವದ ಕಟ್ಟುನಿಟ್ಟಿಗೂ ತಂದು ಒಂದು ಕ್ರಮ ಮಾಡಿದ. ಗುಟ್ಟು ಮಾಡದೆ, ಕೇಳಿದವರಿಗೆಲ್ಲ ಹೇಳಿಕೊಟ್ಟ. ಅವನೂ ಅವನ ಹೆಂಡತಿಯೂ ಸ್ಕಾಟ್ಲೆಂಡಿನವರಿಗೂ ಕಲಿಸಿದರು. ಚೆಡ್ಡರ್ ಚೀಸ್‌ನ ತಂದೆ ಎಂದು ಅವನನ್ನು ಕರೆಯುವುದು ಇದಕ್ಕೇ. ವಿದ್ಯೆಯನ್ನು ಬಚ್ಚಿಡದವನ ಮೇಲೆ ನನಗೆ ಗೌರವವಿದೆ. ಹೆಸರಿಗೆ ಬೇಲಿ ಹಾಕದ್ದರಿಂದ ಅದು ಲೋಕವೆಲ್ಲ ಹರಡಿತು. ಮೈಸೂರಿನ ಅಂಗಡಿಯ ಫ್ರಿಜ್ಜಿನಲ್ಲೂ ಚೆಡ್ಡರ್ ಸಿಗುತ್ತದೆ, ಅದು ಊರಿನ ಹೆಸರು ಎಂದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸರಕಾರ ಹಾಲನ್ನೆಲ್ಲ ಒಂದೇ ಬಗೆಯ ಪಡಿತರ ಚೀಸ್‌ಗೆ ತಿರುಗಿಸಿದಾಗ ಮನೆಮನೆಯ ಚೀಸ್ ಮಾಡುವ ಒಕ್ಕಲುಗಳು ಹೇಳಹೆಸರಿಲ್ಲದಂತಾದವು. ಬಹಳ ತಡವಾಗಿ, 1996ರಲ್ಲಿ, ಆ ಸೀಮೆಯ ನಾಲ್ಕು ಜಿಲ್ಲೆಗಳಲ್ಲಿ ಅಲ್ಲಿಯದೇ ಹಾಲಿನಿಂದ ಹಳೆಯ ಕ್ರಮದಲ್ಲಿ ಮಾಡಿದ್ದಕ್ಕೆ ಒಂದು ಬೇರೆ ಹೆಸರಿನ ರಕ್ಷಣೆ ಸಿಕ್ಕಿತು.

ಇನ್ನೊಂದು ಮಾತು. ಹಾಲನ್ನು ಹೆಪ್ಪುಗಟ್ಟಿಸಲು ಹಳೆಯ ಪದ್ಧತಿಯಲ್ಲಿ ಬಳಸುತ್ತಿದ್ದದ್ದು ಎಳೆಗರುವಿನ ಹೊಟ್ಟೆಯಿಂದ ತೆಗೆದ ರಸ. ಈಗ ಅದಿಲ್ಲದೆಯೂ ಮಾಡುತ್ತಾರೆ, ಚೀಟಿಯ ಮೇಲೆ ಬರೆದಿರುತ್ತದೆ. ನಾವು ನೋಡಿಯೇ ಕೊಂಡೆವು. ಆದರೆ ಇಷ್ಟು ವರ್ಷ ನಾನು ಆ ಚೀಟಿ ಓದಿದ್ದು ನನ್ನ ವ್ರತಕ್ಕೆ ಭಂಗ ಬರದಿರಲಿ ಎಂದು. ಕರುವಿನ ಮುಖ ನನ್ನ ಕಣ್ಣಿಗೆ ಕಟ್ಟಿದ್ದು ಆ ರಾತ್ರಿ, ಮೊದಲ ಸಲ. ಚೆಡ್ಡರ್ ಮನುಷ್ಯನಿಗೆ ಹಾಲು ಅರಗುತ್ತಿರಲಿಲ್ಲ ಎಂದೂ ಆ ಡಿಎನ್‌ಎ ಹೇಳಿದೆ. ಅವನ ಕಾಲದ ದೊಡ್ಡವರಿಗೆ ಆ ಶಕ್ತಿಯಿರಲಿಲ್ಲ. ದನ ಸಾಕುವವರು ಆ ದ್ವೀಪಕ್ಕೆ ಬರಲು ಇನ್ನೂ ನಾಲ್ಕು ಸಾವಿರ ವರ್ಷವಿತ್ತು. ಅವನು ಮಲಗಿದ್ದ ಗುಹೆಯಲ್ಲೇ ಇಂದು ಹಾಲು ಮಾಗುತ್ತದೆ.

ಮತ್ತೆ ವಿಲ್ಬರ್‌ಫೋರ್ಸ್‌ಗೆ ಬರುತ್ತೇನೆ, ಅವನಿಗಿಂತ ಹೆಚ್ಚಾಗಿ ಹ್ಯಾನಾ ಮೋರ್‌ಗೆ. ಓಡಾಟ ಆಕೆಯ ಪಾಲಿಗೆ ಬಿತ್ತಲ್ಲ, ಆಕೆ ನಿಜವಾಗಿಯೂ ಓಡಾಡಿದಳು. ನಲವತ್ತು ದಾಟಿದ ಹೆಂಗಸು, ಲಂಡನ್ನಿನಲ್ಲಿ ಹೆಸರಾದ ಲೇಖಕಿ, ಮಳೆ ಕೆಸರು ನೋಡದೆ ತಂಗಿಯ ಜೊತೆ ಚೆಡ್ಡರಿನ ಮನೆಮನೆ ತಿರುಗಿದಳು. ಇಡೀ ಊರಲ್ಲಿ ಕಂಡದ್ದು ಒಂದೇ ಬೈಬಲ್, ಅದೂ ಹೂಕುಂಡಕ್ಕೆ ಆನಿಸಿ ಇಟ್ಟದ್ದು ಎಂದು ಬರೆದಿದ್ದಾಳೆ. ಬಡವರು ಓದು ಕಲಿತರೆ ಗೇಯುವವರು ಯಾರು ಎಂದು ದೊಡ್ಡ ರೈತರು ಅಡ್ಡ ನಿಂತರು. ಅವರ ಮನೆಬಾಗಿಲಿಗೂ ಹೋದಳು. ಶಾಲೆ ಬಂದರೆ ನಿಮ್ಮ ತೋಟದ ಹಣ್ಣು ಕಳುವಾಗುವುದಿಲ್ಲ, ಬಡವರಿಗೆಂದು ನೀವು ಕಟ್ಟುವ ಕಂದಾಯವೂ ಇಳಿಯಬಹುದು ಎಂದು ಅವರಿಗೆ ಹಿಡಿಸುವ ಮಾತಾಡಿ ಒಪ್ಪಿಸಿದಳು. 1789ರ ಅಕ್ಟೋಬರಿನಲ್ಲಿ, ಎಂದರೆ ವಿಲ್ಬರ್‌ಫೋರ್ಸ್ ಊಟ ಬಿಟ್ಟ ಎರಡೇ ತಿಂಗಳಿಗೆ, ಶಾಲೆ ಶುರುವಾಯಿತು. ಹೆಣ್ಣುಮಕ್ಕಳಿಗೆ ನೂಲುವುದು, ಹೊಲಿಯುವುದು ಕಲಿಸಿದಳು. ಹೆಂಗಸರು ವಾರವಾರ ಪುಡಿಗಾಸು ಹಾಕಿ, ಕಾಯಿಲೆಗೂ ಬಾಣಂತನಕ್ಕೂ ಹಣ ಪಡೆಯುವ ಸಂಘ ಕಟ್ಟಿಸಿದಳು. ಆಕೆಯ ಹೆಸರಿನ ಕಟ್ಟಡ ಊರಲ್ಲಿ ಇನ್ನೂ ಇದೆ. ನಾವು ಅದರ ಕಡೆಗೆ ಹೋಗಲಿಲ್ಲ.

ಇದನ್ನೆಲ್ಲ ಓದುತ್ತ, ಇಂಥವಳಿಗೆ ಕೈಮುಗಿಯಬೇಕು ಅನ್ನಿಸಿತು. ಮುಂದಿನ ಪುಟದಲ್ಲಿ ಒಂದು ಸಾಲು ಇತ್ತು. ಆಕೆ ಬಡವರ ಮಕ್ಕಳಿಗೆ ಓದು ಕಲಿಸಿದಳು. ಬರೆಯುವುದನ್ನು ಕಲಿಸಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಡವೆಂದೇ ಬಿಟ್ಟದ್ದು. ದೇವರ ವಾಕ್ಯ ಓದಲು ಬಂದರೆ ಸಾಕು, ಬರೆಯುವುದು ಅವರಿಗೆ ಯಾಕೆ ಎಂಬುದು ಆಕೆಯ ನಿಲುವು. ಅವರು ಓದಬೇಕಾದ್ದನ್ನು ಆಕೆಯೇ ಬರೆದಳು. ಬಡವರಿಗೆಂದು ಆಕೆ ಹೊರತಂದ ಅಗ್ಗದ ಪುಸ್ತಿಕೆಗಳು ಲಕ್ಷಗಟ್ಟಲೆ ಹೋದವು. ಮಾತೆಲ್ಲ ಮೇಲಿನಿಂದ ಕೆಳಕ್ಕೆ. ಕೆಳಗಿನಿಂದ ಮೇಲಕ್ಕೆ ಒಂದು ಚೀಟಿಯೂ ಬರದಂತೆ.

ಆಗ ನನಗೆ ನಾಗಮಂಗಲದ ಕಡೆಯ ಒಂದು ಹಳ್ಳಿ ನೆನಪಾಯಿತು. ತೊಂಬತ್ತರ ದಶಕದ ಮೊದಲ ವರ್ಷಗಳು, ಸಾಕ್ಷರತಾ ಆಂದೋಲನದ ಕಾಲ. ಹಗಲು ಪ್ರಾಥಮಿಕ ಶಾಲೆಯಲ್ಲಿ ಪಾಠ, ರಾತ್ರಿ ಹಟ್ಟಿಯ ಜಗಲಿಯಲ್ಲಿ ಲಾಟೀನಿನ ಬೆಳಕಿಗೆ ಹದಿನಾಲ್ಕು ಹೆಂಗಸರು. ಗದ್ದೆ ಕೆಲಸ ಮುಗಿಸಿ, ಮುದ್ದೆ ತಿರುವಿಟ್ಟು ಬರುತ್ತಿದ್ದರು. ಅವರಲ್ಲಿ ಒಬ್ಬಾಕೆ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಆದರೂ ಆಕೆಯನ್ನು ನಾನು ‘ನೀನು’ ಎಂದೇ ಕರೆಯುತ್ತಿದ್ದೆ. ಅದು ಅಂದಿನ ರೂಢಿ, ನನಗೆ ಅದರಲ್ಲಿ ತಪ್ಪು ಕಂಡಿರಲಿಲ್ಲ. ಎಲ್ಲರಿಗಿಂತ ಬೇಗ ಓದು ಹಿಡಿದಳು. ಅಕ್ಷರದ ಕೆಳಗೆ ಬೆರಳು ಆಡಿಸುತ್ತ, ಬಸ್ಸಿನ ಬೋರ್ಡು, ಬೆಂಕಿಪೊಟ್ಟಣದ ಮೇಲಿನ ಹೆಸರು ಎಲ್ಲ ಓದುತ್ತಿದ್ದಳು.

ಆ ಬೇಸಿಗೆಯಲ್ಲಿ ಹಟ್ಟಿಯ ಕೈಪಂಪು ಕೆಟ್ಟುನಿಂತಿತು. ಮಂಡಲ ಪಂಚಾಯಿತಿಗೆ ಅರ್ಜಿ ಕೊಡಬೇಕು ಎಂದು ಮಾತಾಯಿತು. ಆಕೆ ಸ್ಲೇಟನ್ನು ಎದೆಗೆ ಒತ್ತಿಕೊಂಡು ಎದ್ದುನಿಂತಳು. "ಮೇಡಮ್ಮೋರೆ, ಅರ್ಜಿ ನಾನೇ ಬರೀತೀನಿ. ಹೆಂಗೆ ಸುರು ಮಾಡ್ಬೇಕು ಅಂತ ಒಸಿ ಹೇಳ್ಕೊಡಿ."

"ನಿನಗ್ಯಾಕೆ ಆ ತಾಪತ್ರಯ? ನಾನು ಬರೆದುಕೊಡ್ತೀನಿ ಬಿಡು. ನೀನು ಕೆಳಗೆ ರುಜು ಹಾಕಿದರೆ ಸಾಕು" ಎಂದೆ.

ಐದು ನಿಮಿಷದಲ್ಲಿ ಬರೆದೆ. ಮಾನ್ಯರೆ, ಸವಿನಯ ಪ್ರಾರ್ಥನೆ, ತಮ್ಮ ಅವಗಾಹನೆಗೆ. ಅಕ್ಷರ ಗುಂಡಗಿತ್ತು, ಭಾಷೆ ಶುದ್ಧವಾಗಿತ್ತು. ಆಕೆ ರುಜು ಹಾಕಿದಳು. ಪಂಪು ರಿಪೇರಿಯೂ ಆಯಿತು. ಆಮೇಲೆ ಎರಡು ವಾರ ಬಂದಳು, ಮತ್ತೆ ಬರಲಿಲ್ಲ. ಕೂಲಿಗೆ ಬೇರೆ ಊರಿಗೆ ಹೋಗುತ್ತಿರಬೇಕು ಎಂದುಕೊಂಡೆ, ಹೋಗಿ ಕೇಳಲಿಲ್ಲ. ಆಂದೋಲನ ಮುಗಿದಾಗ ನವಸಾಕ್ಷರರ ಪಟ್ಟಿಯಲ್ಲಿ ಆಕೆಯ ಹೆಸರು ಸೇರಿಸಿದೆ. ನನ್ನ ಬದುಕಿನ ಒಳ್ಳೆಯ ಕೆಲಸಗಳಲ್ಲಿ ಒಂದು ಎಂದು ಆ ರಾತ್ರಿಶಾಲೆಯನ್ನು ಎಷ್ಟೋ ಕಡೆ ಹೇಳಿಕೊಂಡಿದ್ದೇನೆ.

ಅದು ಒಳ್ಳೆಯ ಕೆಲಸವೇ. ಹ್ಯಾನಾ ಮೋರಳದ್ದೂ ಒಳ್ಳೆಯ ಕೆಲಸವೇ. ಆಕೆ ಇಲ್ಲದಿದ್ದರೆ ಚೆಡ್ಡರಿನ ಆ ಮಕ್ಕಳಿಗೆ ಅಷ್ಟೂ ಸಿಗುತ್ತಿರಲಿಲ್ಲ. ನನ್ನನ್ನು ಎಚ್ಚರವಿರಿಸಿದ್ದು ಅದಲ್ಲ. ನಾನು ಬರೆದ ಆ ಅರ್ಜಿಯಲ್ಲಿ ಕೈಪಂಪಿನ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ಆಕೆಗೆ ಅಷ್ಟನ್ನೇ ಬರೆಯಬೇಕಾಗಿತ್ತೋ? ಸ್ಲೇಟನ್ನು ಎದೆಗೆ ಒತ್ತಿಕೊಂಡು ನಿಂತವಳ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಸ್ಲೇಟು ನೆನಪಿದೆ, ಅದರ ಮರದ ಕಟ್ಟಿನ ಒಂದು ಮೂಲೆ ಮುರಿದಿತ್ತು. ಅದನ್ನು ಹಿಡಿದ ಬೆರಳುಗಳು, ಬಳೆ ನೆನಪಿವೆ.

ಹೋದ ವರ್ಷ ಆ ಊರಿನ ಹಬ್ಬಕ್ಕೆ ಹೋಗಿದ್ದಾಗ ಅವರು ಸಿಕ್ಕಿದ್ದರು. ಹಲ್ಲು ಹೋಗಿವೆ, ಕಿವಿ ಸ್ವಲ್ಪ ಮಂದ. ನನ್ನನ್ನು ದೂರದಿಂದಲೇ ಗುರುತು ಹಿಡಿದು, ಮಗಳು ಯಾವ ದೇಶದಲ್ಲಿದ್ದಾಳೆ ಎಂದು ವಿಚಾರಿಸಿದರು. ಮೊಮ್ಮಗನ ಮೊಬೈಲಿನಲ್ಲಿ ಬರುವ ಕನ್ನಡವನ್ನೆಲ್ಲ ಓದುತ್ತೇನೆ ಎಂದರು.

ಚೆಡ್ಡರಿನ ಅಂಗಡಿಯಲ್ಲಿ ಬಂಡೆಗಳ ಚಿತ್ರವಿರುವ ಕಾರ್ಡುಗಳನ್ನು ಕೊಂಡಿದ್ದೆ, ಬಂಧುಗಳಿಗೆ ಕಳಿಸೋಣ ಎಂದು. ಬೆಳಗಿನ ಜಾವ ಒಂದನ್ನು ತೆಗೆದುಕೊಂಡೆ. ಕೂಡಿಸಿ ಬರೆಯದೆ, ಓದುವವರ ಬೆರಳು ನಿಲ್ಲಲು ಜಾಗವಿರುವಂತೆ ಒಂದೊಂದೇ ಅಕ್ಷರ ದಪ್ಪಗೆ ಬರೆದೆ. ಕ್ಷೇಮ ಸಮಾಚಾರ ಒಂದು ಸಾಲು. ಈ ಚಿತ್ರದಲ್ಲಿರುವುದು ನಾನು ನೋಡಿದ ಜಾಗ ಎಂದು ಇನ್ನೊಂದು ಸಾಲು. ಆಮೇಲೆ ಬರೆದೆ: ಆವತ್ತು ಆ ಅರ್ಜಿಯಲ್ಲಿ ನಿಮಗೆ ಏನು ಬರೆಯಬೇಕು ಅಂತ ಇತ್ತು?